ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ ಎಂದರೆ ಸೋಂಕೇ ಇಲ್ಲವೆಂದು ಅರ್ಥವೇ? ಆಸ್ಪತ್ರೆಯಲ್ಲಿರುವ ತಂದೆಯ ಜ್ವರದ ಬಗ್ಗೆ

ಬನಶಂಕರಿಯ ಮಗಳು · ಸೋಮವಾರ, ರಾತ್ರಿ 9.40

ನನ್ನ ತಂದೆಗೆ 71 ವರ್ಷ. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಜ್ವರ ಶುರುವಾಗಿ ಇಂದಿಗೆ ಒಂಬತ್ತು ದಿನವಾಯಿತು. ಆಸ್ಪತ್ರೆಗೆ ಸೇರಿಸಿ ನಾಲ್ಕು ದಿನ. ಮೊದಲ ಐದು ದಿನ ಮನೆಯ ಹತ್ತಿರದ ಕ್ಲಿನಿಕ್ಕಿಗೆ ಹೋಗುತ್ತಿದ್ದೆವು. ಅಲ್ಲಿ ಮೊದಲು ಸೆಫಿಕ್ಸಿಮ್ ಎಂಬ ಆಂಟಿಬಯೋಟಿಕ್ ಕೊಟ್ಟರು, ಜ್ವರ ಇಳಿಯದಿದ್ದಾಗ ಲೆವೊಫ್ಲಾಕ್ಸಾಸಿನ್ ಕೊಟ್ಟರು. ಆರನೆಯ ದಿನ ಚಳಿ ಹೆಚ್ಚಾಗಿ, ಉಸಿರಾಟ ಸ್ವಲ್ಪ ಜೋರಾದಾಗ ದಕ್ಷಿಣ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಕರೆದೊಯ್ದೆವು. ಅದೇ ರಾತ್ರಿ ಮೆರೊಪೆನೆಮ್ ಎಂಬ ಪ್ರಬಲ ಆಂಟಿಬಯೋಟಿಕ್ ಇಂಜೆಕ್ಷನ್ ಆರಂಭಿಸಿದರು. ಮರುದಿನ ಮಧ್ಯಾಹ್ನ ರಕ್ತದ ಕಲ್ಚರ್‌ಗೆಂದು, ಎಂದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಇದ್ದರೆ ಬೆಳೆಸಿ ನೋಡುವ ಪರೀಕ್ಷೆಗೆಂದು, ಒಂದು ಬಾಟಲಿಯಲ್ಲಿ ರಕ್ತ ತೆಗೆದುಕೊಂಡರು.

ಈಗ ಕೈಯಲ್ಲಿರುವ ವರದಿಗಳು ಹೀಗಿವೆ. ಕಲ್ಚರ್‌ನಲ್ಲಿ 48 ಗಂಟೆಗಳ ನಂತರವೂ ಬೆಳವಣಿಗೆ ಇಲ್ಲ. ಡೆಂಗಿಯ ಎನ್ಎಸ್1 ನೆಗೆಟಿವ್, ಆರನೆಯ ದಿನ ಮಾಡಿದ್ದು. ಟೈಫಾಯ್ಡ್‌ಗೆಂದು ಮಾಡುವ ವಿಡಾಲ್ ಪಾಸಿಟಿವ್, 1:160. ಪ್ಲೇಟ್‌ಲೆಟ್ 78,000. ಬಿಳಿ ರಕ್ತಕಣ 9,800. ಯಕೃತ್ತಿನ ಕಿಣ್ವಗಳು ಇರಬೇಕಾದದ್ದಕ್ಕಿಂತ ಮೂರು ಪಟ್ಟು ಹೆಚ್ಚಿವೆ. ಪ್ರೋಕ್ಯಾಲ್ಸಿಟೋನಿನ್ 1.1. ಒಬ್ಬ ವೈದ್ಯರು ಇದು ವೈರಲ್ ಜ್ವರವೆನ್ನುತ್ತಾರೆ, ಇನ್ನೊಬ್ಬರು ಟೈಫಾಯ್ಡ್ ಎನ್ನುತ್ತಾರೆ. ಈಗ ಮೆರೊಪೆನೆಮ್ ಜೊತೆಗೆ ಇನ್ನೊಂದು ಔಷಧ ಸೇರಿಸುವ ಮಾತು ನಡೆದಿದೆ. ಅಪ್ಪನಿಗೆ ಈ ಸಂಜೆಯೂ 103 ಡಿಗ್ರಿ ಜ್ವರವಿತ್ತು. ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೆ ಬ್ಯಾಕ್ಟೀರಿಯಾ ಸೋಂಕು ಇಲ್ಲವೆಂದು ತಿಳಿಯಬಹುದೇ? ಹಾಗಿದ್ದರೆ ಇಷ್ಟು ಪ್ರಬಲವಾದ ಔಷಧ ಏಕೆ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಪ್ರಯೋಗಾಲಯದವನು · ಸೋಮವಾರ, ರಾತ್ರಿ 10.25

ಇಪ್ಪತ್ತು ವರ್ಷಗಳಿಂದ ಸೂಕ್ಷ್ಮಜೀವಿ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಇಲ್ಲ, ಹಾಗೆ ತಿಳಿಯಲಾಗದು. ಅದರಲ್ಲೂ ನಿಮ್ಮ ತಂದೆಯವರ ವಿಷಯದಲ್ಲಿ ಖಂಡಿತ ಹೇಳಲಾಗದು.

ರಕ್ತದಲ್ಲಿ ಹರಿಯುವ ಬ್ಯಾಕ್ಟೀರಿಯಾಗಳ ಸಂಖ್ಯೆ ಬಹಳ ಕಡಿಮೆ. ವಯಸ್ಕರಲ್ಲಿ ಅನೇಕ ವೇಳೆ ಒಂದು ಮಿಲಿ ರಕ್ತದಲ್ಲಿ ಒಂದು ಜೀವಿಯೂ ಇರುವುದಿಲ್ಲ. ಆದ್ದರಿಂದಲೇ ವಯಸ್ಕರಿಗೆ ಎರಡು ಸೆಟ್ ತೆಗೆಯಬೇಕೆನ್ನುತ್ತೇವೆ. ಒಂದೊಂದು ಸೆಟ್‌ಗೆ ಎರಡು ಬಾಟಲಿ, ಒಂದೊಂದು ಬಾಟಲಿಗೆ 8ರಿಂದ 10 ಮಿಲಿ, ಎರಡು ಬೇರೆ ಬೇರೆ ಜಾಗದಿಂದ, ಎಂದರೆ ಒಟ್ಟು 40 ಮಿಲಿಯಷ್ಟು ರಕ್ತ. ಒಂದೇ ಬಾಟಲಿಯಲ್ಲಿ ನಾಲ್ಕೈದು ಮಿಲಿ ತೆಗೆದು ಕಳಿಸಿದರೆ, ಕೆರೆಯ ಒಂದು ಮೂಲೆಯಲ್ಲಿ ಒಂದು ಬಾರಿ ಬಲೆ ಬೀಸಿ ಕೆರೆಯಲ್ಲಿ ಮೀನೇ ಇಲ್ಲವೆಂದ ಹಾಗಾಗುತ್ತದೆ. ಎರಡು ಜಾಗದಿಂದ ತೆಗೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಚರ್ಮದ ಮೇಲೆ ಸಹಜವಾಗಿಯೇ ಇರುವ ಸ್ಟ್ಯಾಫಿಲೋಕಾಕಸ್ ಜಾತಿಯ ಕೆಲವು ಜೀವಿಗಳು ಸೂಜಿಯ ಜೊತೆ ಬಾಟಲಿಗೆ ಬಂದುಬಿಡುತ್ತವೆ. ಅವು ನಾಲ್ಕು ಬಾಟಲಿಗಳಲ್ಲಿ ಒಂದರಲ್ಲಿ ಮಾತ್ರ ಕಂಡರೆ ಬಹುತೇಕ ಕಲಬೆರಕೆಯೆಂದು ಬಿಡುತ್ತೇವೆ. ಇರುವುದೇ ಒಂದು ಬಾಟಲಿಯಾದರೆ ಆ ನಿರ್ಧಾರ ಮಾಡುವುದು ಹೇಗೆ?

ಎರಡನೆಯದು ಇನ್ನೂ ಮುಖ್ಯ. ನಿಮ್ಮ ತಂದೆಯವರ ರಕ್ತ ಬಾಟಲಿಗೆ ಬೀಳುವ ಹೊತ್ತಿಗೆ ಅವರ ದೇಹದಲ್ಲಿ ಮೂರು ಬಗೆಯ ಆಂಟಿಬಯೋಟಿಕ್ ಓಡಾಡಿದ್ದವು. ಔಷಧವನ್ನು ಹೀರಿಕೊಳ್ಳುವ ರಾಳದ ಮಣಿಗಳು ಕೆಲವು ಬಾಟಲಿಗಳಲ್ಲಿ ಇರುತ್ತವೆ, ಆದರೆ ಅವುಗಳ ಸಹಾಯ ಸೀಮಿತ. ಮೊದಲ ಡೋಸ್‌ಗೆ ಮುನ್ನ ತೆಗೆದ ಕಲ್ಚರ್‌ಗೆ ಸಮನಾದದ್ದು ಬೇರೆ ಯಾವುದೂ ಇಲ್ಲ. ಆ ರಾತ್ರಿ ಇಂಜೆಕ್ಷನ್ ಕೊಡುವ ಹತ್ತು ನಿಮಿಷ ಮುಂಚೆ ರಕ್ತ ತೆಗೆದಿದ್ದರೆ, ಇಂದು ನಿಮ್ಮ ಕೈಯಲ್ಲಿರುವ ವರದಿಗೆ ಇನ್ನಷ್ಟು ಬೆಲೆ ಇರುತ್ತಿತ್ತು. ಇದು ನನಗೆ ನೋವುಂಟುಮಾಡುವ ಸಂಗತಿ, ಏಕೆಂದರೆ ಇದನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ.

ಮೂರನೆಯದಾಗಿ, ಕೆಲವು ಬ್ಯಾಕ್ಟೀರಿಯಾಗಳು ನಮ್ಮ ಬಾಟಲಿಗಳಲ್ಲಿ ಬೆಳೆಯುವುದೇ ಇಲ್ಲ. ಅವಕ್ಕೆ ಜೀವಕೋಶದ ಒಳಗೇ ವಾಸ.

ಮೆಡಿಸಿನ್ ವಾರ್ಡಿನ ವೈದ್ಯ · ಸೋಮವಾರ, ರಾತ್ರಿ 11.10

ಹಾಸಿಗೆಯ ಪಕ್ಕದಲ್ಲಿ ನಿಂತು ನೋಡದೆ ರೋಗ ಹೇಳುವುದು ಸರಿಯಲ್ಲ. ಆದ್ದರಿಂದ ನಾನು ವರದಿಗಳನ್ನು ಓದುವ ಬಗೆಯನ್ನಷ್ಟೇ ಹೇಳುತ್ತೇನೆ. ಮುಂದಿನದನ್ನು ನಿಮ್ಮ ವೈದ್ಯರೊಂದಿಗೆ ಮಾತನಾಡಿ.

ವಿಡಾಲ್ ಪರೀಕ್ಷೆಯ ಮೇಲೆ ಭಾರ ಹಾಕಬೇಡಿ. ನಮ್ಮ ಊರಿನಲ್ಲಿ ಹುಟ್ಟಿ ಬೆಳೆದು, ಇಲ್ಲಿಯ ನೀರು ಕುಡಿದವರಲ್ಲಿ ಎಂದೋ ಬಂದು ಹೋದ ಸೋಂಕಿನ ಪ್ರತಿಕಾಯಗಳು ಉಳಿದಿರುತ್ತವೆ. ಬೇರೆ ಜ್ವರಗಳಲ್ಲಿಯೂ ಅವು ಏರಬಹುದು. ಒಂದೇ ಬಾರಿ ಮಾಡಿದ 1:160ರಿಂದ ಟೈಫಾಯ್ಡ್ ಎಂದು ತೀರ್ಮಾನಿಸಲಾಗದು. ಟೈಫಾಯ್ಡ್ ದೃಢಪಡಬೇಕಾದರೆ ರಕ್ತದ ಕಲ್ಚರೇ ಬೇಕು. ಅದೂ ಸರಿಸುಮಾರು ಅರ್ಧದಷ್ಟು ರೋಗಿಗಳಲ್ಲಿ ಮಾತ್ರ ಜೀವಿಯನ್ನು ಹಿಡಿಯುತ್ತದೆ.

ಎನ್ಎಸ್1 ಜ್ವರದ ಮೊದಲ ನಾಲ್ಕೈದು ದಿನಗಳ ಪರೀಕ್ಷೆ. ಆರನೆಯ ದಿನ ನೆಗೆಟಿವ್ ಬಂದರೆ ಡೆಂಗಿ ಇಲ್ಲವೆಂದಲ್ಲ. ಆಗ ಐಜಿಎಂ ಎಂಬ ಪ್ರತಿಕಾಯದ ಪರೀಕ್ಷೆ ಮಾಡಿಸಬೇಕು. ಆದರೆ ಡೆಂಗಿಯಲ್ಲಿ ಸಾಮಾನ್ಯವಾಗಿ ಬಿಳಿ ರಕ್ತಕಣಗಳು ಕುಸಿಯುತ್ತವೆ, ಮೂರರಿಂದ ಏಳನೆಯ ದಿನದೊಳಗೆ ಜ್ವರ ಇಳಿಯುತ್ತದೆ, ಅಪಾಯ ಎದುರಾಗುವುದೇ ಜ್ವರ ಇಳಿಯುವ ಆ ಹೊತ್ತಿನಲ್ಲಿ. ಒಂಬತ್ತನೆಯ ದಿನ 103 ಡಿಗ್ರಿ, 9,800 ಬಿಳಿ ಕಣ, ಇದು ಡೆಂಗಿಯ ನಡಿಗೆಯಂತೆ ಕಾಣುವುದಿಲ್ಲ. ಪ್ಲೇಟ್‌ಲೆಟ್ ಕಡಿಮೆಯಾದ ಕೂಡಲೇ ಡೆಂಗಿಯೆಂದುಕೊಳ್ಳುವ ಅಭ್ಯಾಸ ಬೆಂಗಳೂರಿನಲ್ಲಿ ಮನೆಯವರಿಗೂ ಇದೆ, ನಮಗೂ ಇದೆ. ಮಲೇರಿಯಾ, ಇಲಿಜ್ವರ, ಸ್ಕ್ರಬ್ ಟೈಫಸ್, ತೀವ್ರ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳೇ ಕೆಡುವ ಸ್ಥಿತಿ), ಈ ಎಲ್ಲದರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ.

ಪ್ರೋಕ್ಯಾಲ್ಸಿಟೋನಿನ್ ಬ್ಯಾಕ್ಟೀರಿಯಾ ಸೋಂಕಿನಲ್ಲಿ ಕೆಲವೇ ಗಂಟೆಗಳಲ್ಲಿ ಏರುತ್ತದೆ, ಸೋಂಕು ಹಿಡಿತಕ್ಕೆ ಬಂದರೆ ದಿನಕ್ಕೆ ಅರ್ಧದಂತೆ ಇಳಿಯುತ್ತದೆ. 1.1 ಎಂಬುದು ಬ್ಯಾಕ್ಟೀರಿಯಾದ ಕಡೆಗೆ ಬೆರಳು ತೋರಿಸುತ್ತದೆ, ಆದರೆ ಸಾಬೀತು ಮಾಡುವುದಿಲ್ಲ. ಮೂತ್ರಪಿಂಡ ಕೆಟ್ಟಾಗ, ದೊಡ್ಡ ಶಸ್ತ್ರಚಿಕಿತ್ಸೆಯ ನಂತರ, ಮಲೇರಿಯಾದಲ್ಲಿ ಅದು ಏರುವುದುಂಟು. ನನ್ನ ಅನುಭವದಲ್ಲಿ ಅದು ಔಷಧ ಆರಂಭಿಸಲು ಸಹಾಯ ಮಾಡುವುದಕ್ಕಿಂತ ನಿಲ್ಲಿಸಲು ಧೈರ್ಯ ಕೊಡುವುದೇ ಹೆಚ್ಚು.

ಲೆವೊಫ್ಲಾಕ್ಸಾಸಿನ್ ಬಗ್ಗೆ ಒಂದು ಮಾತು. ಈ ಗುಂಪಿನ ಔಷಧಗಳು ಕ್ಷಯದ ಜೀವಿಯ ಮೇಲೂ ಕೆಲಸ ಮಾಡುತ್ತವೆ. ಕಾರಣ ತಿಳಿಯದ ಜ್ವರಕ್ಕೆ, ಕೆಮ್ಮಿಗೆ ಅದನ್ನು ಕೊಟ್ಟರೆ ಕ್ಷಯ ಕೆಲವು ದಿನ ಅಡಗಿಕೊಂಡು, ರೋಗಪತ್ತೆ ವಾರಗಟ್ಟಲೆ ತಡವಾಗಬಹುದು. ನಮ್ಮಂತಹ ದೇಶದಲ್ಲಿ ಇದು ಸಣ್ಣ ವಿಷಯವಲ್ಲ.

ಈಗ ನನ್ನದೊಂದು ಪ್ರಶ್ನೆ. ಜ್ವರಕ್ಕೆ ಮುಂಚಿನ ಮೂರು ವಾರಗಳಲ್ಲಿ ನಿಮ್ಮ ತಂದೆ ಬೆಂಗಳೂರು ಬಿಟ್ಟು ಎಲ್ಲಿಗಾದರೂ ಹೋಗಿದ್ದರೇ?

ಬನಶಂಕರಿಯ ಮಗಳು · ಮಂಗಳವಾರ, ಬೆಳಗ್ಗೆ 6.15

ಹೋಗಿದ್ದರು. ಮಾಗಡಿಯ ಹತ್ತಿರ ನಮ್ಮ ಸ್ವಲ್ಪ ಜಮೀನಿದೆ. ದೀಪಾವಳಿಗೆ ಹೋದವರು ರಾಗಿ ಕೊಯ್ಲು ಮುಗಿಯುವವರೆಗೂ ಅಲ್ಲಿಯೇ ಇದ್ದರು. ಹಿಂತಿರುಗಿದ ವಾರದೊಳಗೆ ಜ್ವರ ಬಂತು. ಇದನ್ನು ಆಸ್ಪತ್ರೆಯಲ್ಲಿ ಯಾರೂ ಕೇಳಲಿಲ್ಲ, ನಮಗೂ ಹೇಳಬೇಕೆಂದು ತೋಚಲಿಲ್ಲ.

ಮೆಡಿಸಿನ್ ವಾರ್ಡಿನ ವೈದ್ಯ · ಮಂಗಳವಾರ, ಬೆಳಗ್ಗೆ 6.50

ಹಾಗಿದ್ದರೆ ದಯವಿಟ್ಟು ಇಂದು ಬೆಳಗಿನ ರೌಂಡ್ಸ್‌ನಲ್ಲಿಯೇ ಇದನ್ನು ವೈದ್ಯರಿಗೆ ಹೇಳಿ, ಸ್ಕ್ರಬ್ ಟೈಫಸ್ ಸಾಧ್ಯತೆಯ ಬಗ್ಗೆ ವಿನಯದಿಂದ, ಆದರೆ ಬಿಡದೆ ಕೇಳಿ. ಮಳೆಗಾಲ ಮುಗಿದ ಮೇಲಿನ ಈ ತಿಂಗಳುಗಳು, ಹುಲ್ಲು ಬೆಳೆದ ಬದು, ಪೊದೆ, ಕೊಯ್ಲಿನ ಹೊಲ, ಇವೇ ಆ ರೋಗದ ನೆಲೆ. ಬರಿಗಣ್ಣಿಗೆ ಕಾಣುವುದೇ ಕಷ್ಟವೆನಿಸುವಷ್ಟು ಚಿಕ್ಕ ನುಸಿಯ ಮರಿಹುಳು ಕಚ್ಚಿದಾಗ ಓರಿಯೆಂಟಿಯಾ ಸುಸುಗಾಮುಶಿ ಎಂಬ ಬ್ಯಾಕ್ಟೀರಿಯಾ ದೇಹಕ್ಕೆ ಬರುತ್ತದೆ. ಕಚ್ಚಿದ ಆರರಿಂದ ಇಪ್ಪತ್ತೊಂದು ದಿನಗಳೊಳಗೆ ಜ್ವರ ಬರುತ್ತದೆ. ಪ್ಲೇಟ್‌ಲೆಟ್ ಇಳಿಯುವುದು, ಯಕೃತ್ತಿನ ಕಿಣ್ವಗಳು ಏರುವುದು, ಉಸಿರಾಟ ಜೋರಾಗುವುದು ಇದಕ್ಕೂ ಹೊಂದುತ್ತವೆ. ಪ್ರಯೋಗಾಲಯದವರು ಹೇಳಿದ, ಜೀವಕೋಶದೊಳಗೆ ವಾಸಿಸುವ, ಕಲ್ಚರ್ ಬಾಟಲಿಯಲ್ಲಿ ಬೆಳೆಯದ ಜೀವಿಗಳಲ್ಲಿ ಇದೂ ಒಂದು. ಮೆರೊಪೆನೆಮ್ ಎಷ್ಟು ದಿನ ಕೊಟ್ಟರೂ ಇದಕ್ಕೆ ತಟ್ಟುವುದಿಲ್ಲ. ಬೇಕಾಗಿರುವುದು ಡಾಕ್ಸಿಸೈಕ್ಲಿನ್, ಬಹಳ ಹಳೆಯ, ಬಹಳ ಅಗ್ಗದ ಔಷಧ.

ಕಚ್ಚಿದ ಜಾಗದಲ್ಲಿ ನೋವಿಲ್ಲದ ಕಪ್ಪು ಹಕ್ಕಳೆ ಇರಬಹುದು, ಬೀಡಿಯಿಂದ ಸುಟ್ಟ ಗಾಯದಂತೆ. ಎಲ್ಲರಲ್ಲೂ ಇರುವುದಿಲ್ಲ. ಇದ್ದರೆ ಅದಕ್ಕಿಂತ ದೊಡ್ಡ ಸುಳಿವು ಬೇರೊಂದಿಲ್ಲ.

ವಾರ್ಡ್ ನರ್ಸ್ · ಮಂಗಳವಾರ, ಬೆಳಗ್ಗೆ 7.30

ಆ ಹಕ್ಕಳೆಯನ್ನು ಹುಡುಕಬೇಕಾದ ಜಾಗಗಳನ್ನು ಹೇಳುತ್ತೇನೆ, ಏಕೆಂದರೆ ಅಂಗಿ ಹಾಕಿಕೊಂಡೇ ಮಲಗಿರುವವರಲ್ಲಿ ಅದು ಎಂದೂ ಸಿಗುವುದಿಲ್ಲ. ಕಂಕುಳು, ತೊಡೆಸಂದು, ಉಡುದಾರ ಕಟ್ಟುವ ಜಾಗ, ಹೆಂಗಸರಲ್ಲಿ ಸ್ತನದ ಕೆಳಗೆ, ಗಂಡಸರಲ್ಲಿ ವೃಷಣದ ಚರ್ಮ, ಮಂಡಿಯ ಹಿಂಭಾಗ, ಕಿವಿಯ ಹಿಂದೆ, ಬೆನ್ನು. ಸ್ಪಂಜ್ ಸ್ನಾನ ಮಾಡಿಸುವಾಗ ನೋಡುವುದು ಎಲ್ಲಕ್ಕಿಂತ ಸುಲಭ. ಹಿರಿಯರು ನಾಚಿಕೆಯಿಂದ ಬೇಡವೆನ್ನುತ್ತಾರೆ; ಮಗನಿದ್ದರೆ ಮಗನನ್ನು ಜೊತೆಗೆ ನಿಲ್ಲಿಸಿಕೊಳ್ಳಿ, ಇಲ್ಲವಾದರೆ ಗಂಡು ನರ್ಸ್ ಅವರನ್ನು ಕೇಳಿ.

ಇನ್ನೊಂದು ವಿಷಯ. ನಿಮ್ಮ ತಂದೆಯವರಿಗೆ ಮೂತ್ರದ ಕೊಳವೆ ಹಾಕಿದ್ದಾರೆಯೇ? ಹಾಕಿದ್ದರೆ ಅದು ಇನ್ನೂ ಬೇಕೇ ಎಂದು ದಿನವೂ ಕೇಳಿ. ಕೊಳವೆ ಇದ್ದಷ್ಟು ದಿನವೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತಲೇ ಹೋಗುತ್ತದೆ. ಚೀಲದಿಂದ ತೆಗೆದ ಮೂತ್ರವನ್ನು ಕಲ್ಚರ್‌ಗೆ ಕಳಿಸಿ, ಅದರಲ್ಲಿ ಬೆಳೆದ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೆ ವಾರಗಟ್ಟಲೆ ಔಷಧ ಕೊಡುವುದನ್ನು ನೋಡಿದ್ದೇನೆ. ತೊಂದರೆಯ ಲಕ್ಷಣಗಳೇ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡರೆ, ಗರ್ಭಿಣಿಯರು ಮತ್ತು ಮೂತ್ರನಾಳದ ಶಸ್ತ್ರಕ್ರಿಯೆಗೆ ಸಿದ್ಧವಾಗುತ್ತಿರುವವರಂತಹ ಕೆಲವರನ್ನು ಬಿಟ್ಟು, ಚಿಕಿತ್ಸೆ ಬೇಕಿಲ್ಲ.

ತೀವ್ರ ನಿಗಾ ಘಟಕದಿಂದ · ಮಂಗಳವಾರ, ಮಧ್ಯಾಹ್ನ 1.05

ಇಲ್ಲಿ ಎಲ್ಲರೂ ಮೆರೊಪೆನೆಮ್ ಕೊಟ್ಟದ್ದೇ ತಪ್ಪು ಎಂಬಂತೆ ಬರೆಯುತ್ತಿದ್ದೀರಿ. ಒಪ್ಪಲಾರೆ. 71 ವರ್ಷ, ಸಕ್ಕರೆ ಕಾಯಿಲೆ, ಜೋರಾದ ಉಸಿರಾಟ, ಆರು ದಿನದ ಜ್ವರ, ರಾತ್ರಿಯ ಹೊತ್ತು. ಅಂತಹವರ ರಕ್ತದೊತ್ತಡ ಕುಸಿಯುತ್ತಿದ್ದರೆ ಒಂದು ಗಂಟೆಯೊಳಗೆ ವ್ಯಾಪಕ ಆಂಟಿಬಯೋಟಿಕ್ ಕೊಡಬೇಕೆಂದೇ 2021ರ ಸೆಪ್ಸಿಸ್ ಮಾರ್ಗಸೂಚಿ ಹೇಳುತ್ತದೆ. ತಡವಾದ ಗಂಟೆಗಳ ಬೆಲೆಯನ್ನು ನಾವು ಕಣ್ಣಾರೆ ನೋಡುತ್ತೇವೆ. ನಮ್ಮ ನಗರದ ಆಸ್ಪತ್ರೆಗಳಲ್ಲಿ ಇ. ಕೋಲೈ ಮತ್ತು ಕ್ಲೆಬ್ಸಿಯೆಲ್ಲಾಗಳು ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್‌ಗೆ ಬಗ್ಗದಿರುವುದು ಸಾಮಾನ್ಯ. ಆ ರಾತ್ರಿ ಆ ಹಾಸಿಗೆಯ ಪಕ್ಕದಲ್ಲಿ ನಾನಿದ್ದಿದ್ದರೂ ಬಹುಶಃ ಅದನ್ನೇ ಬರೆಯುತ್ತಿದ್ದೆ.

ಮೆಡಿಸಿನ್ ವಾರ್ಡಿನ ವೈದ್ಯ · ಮಂಗಳವಾರ, ಮಧ್ಯಾಹ್ನ 2.20

ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆರಂಭಿಸಿದ್ದರ ಬಗ್ಗೆ ನನ್ನ ತಕರಾರಿಲ್ಲ. ಅದೇ ಮಾರ್ಗಸೂಚಿ, ರಕ್ತದೊತ್ತಡ ಕುಸಿಯುವ ಆಘಾತದ ಸ್ಥಿತಿ ಇಲ್ಲದೆ ಸೋಂಕು ಇದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಮೂರು ಗಂಟೆಗಳವರೆಗೆ ತ್ವರಿತವಾಗಿ ತನಿಖೆ ಮಾಡಲು ಸಮಯ ಕೊಡುತ್ತದೆ. ಒಂದು ಗಂಟೆಯಾಗಲಿ ಮೂರು ಗಂಟೆಯಾಗಲಿ, ಕಲ್ಚರ್ ತೆಗೆಯಲು ಹತ್ತು ನಿಮಿಷ ಸಿಕ್ಕೇ ಸಿಗುತ್ತದೆ. ನನ್ನ ತಕರಾರು ಇರುವುದು 48 ಗಂಟೆಗಳ ನಂತರದ ಮೌನದ ಬಗ್ಗೆ. ಪ್ರಬಲ ಔಷಧ ಕೊಟ್ಟು ಎರಡು ದಿನವಾದರೂ ಜ್ವರ ಕದಲದಿದ್ದರೆ ಇನ್ನೂ ಪ್ರಬಲವಾದದ್ದನ್ನು ಸೇರಿಸುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಬೇಕು: ಈ ಔಷಧಕ್ಕೆ ಸಂಬಂಧವೇ ಇಲ್ಲದ ಜೀವಿ ಇದಾಗಿರಬಹುದೇ, ಔಷಧ ತಲುಪದ ಕೀವಿನ ಗಂಟು ಎಲ್ಲಾದರೂ ಇದೆಯೇ, ಅಥವಾ ಇದು ಸೋಂಕೇ ಅಲ್ಲವೇ? ಮೊದಲಿನಿಂದ ಚರಿತ್ರೆ ಕೇಳಿ, ರೋಗಿಯನ್ನು ತಲೆಯಿಂದ ಕಾಲಿನವರೆಗೆ ಮತ್ತೊಮ್ಮೆ ನೋಡುವ ದಿನ ಅದು.

ಬಸವನಗುಡಿ ಓದುಗ · ಮಂಗಳವಾರ, ಸಂಜೆ 5.45

ನನ್ನ ಸೋದರಮಾವನಿಗೆ ಹಿಂದಿನ ಮಳೆಗಾಲದಲ್ಲಿ ಎಚ್1ಎನ್1 ಇನ್‌ಫ್ಲುಯೆಂಜಾ ಎಂದು ದೃಢಪಟ್ಟಿತ್ತು. ವೈರಸ್ ಎಂದು ಗೊತ್ತಿದ್ದೂ ಆಂಟಿಬಯೋಟಿಕ್ ಕೊಟ್ಟಿದ್ದರು. ಅದು ಅನಗತ್ಯವಾಗಿತ್ತೇ?

ತೀವ್ರ ನಿಗಾ ಘಟಕದಿಂದ · ಮಂಗಳವಾರ, ಸಂಜೆ 6.30

ಎಲ್ಲ ಸಂದರ್ಭದಲ್ಲೂ ಅನಗತ್ಯವಲ್ಲ. ಇನ್‌ಫ್ಲುಯೆಂಜಾ ಶ್ವಾಸನಾಳದ ಒಳಪದರವನ್ನು ಕೆಡಿಸಿದ ಮೇಲೆ ನ್ಯುಮೋಕಾಕಸ್, ಸ್ಟ್ಯಾಫಿಲೋಕಾಕಸ್ ಆರಿಯಸ್‌ನಂತಹ ಬ್ಯಾಕ್ಟೀರಿಯಾಗಳು ಒಳನುಗ್ಗುತ್ತವೆ. ಸುಧಾರಿಸಿದಂತೆ ಕಂಡು ಮತ್ತೆ ಜ್ವರ ಏರಿದರೆ ಅದನ್ನೇ ಶಂಕಿಸುತ್ತೇವೆ. ಕಫದ ಪರೀಕ್ಷೆ, ಎಕ್ಸ್-ರೇ ಆ ಕಡೆ ಏನನ್ನೂ ತೋರಿಸದಿದ್ದರೆ ಎರಡು ಮೂರು ದಿನಗಳಲ್ಲಿ ನಿಲ್ಲಿಸಬೇಕು. ಮುಖ್ಯ ಔಷಧ ಒಸೆಲ್ಟಾಮಿವಿರ್, 75 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ, ಐದು ದಿನ. ಮೊದಲ 48 ಗಂಟೆಗಳಲ್ಲಿ ಅದರ ಲಾಭ ಹೆಚ್ಚು, ಆದರೆ ಆಸ್ಪತ್ರೆಗೆ ಸೇರುವಷ್ಟು ಕಾಯಿಲೆಯಿದ್ದರೆ ಆ ಗಡುವು ಮೀರಿದ್ದರೂ, ಗಂಟಲ ದ್ರವದ ವರದಿಗೆ ಕಾಯದೆಯೂ ಕೊಡುತ್ತೇವೆ. ಕೋವಿಡ್ ಕಾಲದ ಪಾಠ ಬೇರೆಯದು. ಆಸ್ಪತ್ರೆಗೆ ಬರುವಾಗ ಬ್ಯಾಕ್ಟೀರಿಯಾ ಸೋಂಕೂ ಇದ್ದವರು ಸ್ವಲ್ಪವೇ ಮಂದಿ, ಆಂಟಿಬಯೋಟಿಕ್ ಪಡೆದವರು ಬಹುಪಾಲು ಮಂದಿ. ಆಮ್ಲಜನಕ ಬೇಕಾದವರ ಜೀವ ಉಳಿಸಿದ ಔಷಧವೆಂದು 2020ರಲ್ಲಿ ಸಾಬೀತಾದದ್ದು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್.

ವೈರಸ್‌ಗೆ ಔಷಧವೇ ಇಲ್ಲ ಎಂಬ ಮಾತು ಅಪಾಯಕಾರಿ. ಜ್ವರದ ಜೊತೆ ಮಾತು ತೊದಲಿ, ವರ್ತನೆ ಬದಲಾಗಿ, ಫಿಟ್ಸ್ ಬಂದವರಲ್ಲಿ ಹರ್ಪಿಸ್ ವೈರಸ್ಸಿನ ಮಿದುಳಿನ ಉರಿಯೂತ ಇರಬಹುದು. ಬೆನ್ನುಹುರಿಯ ದ್ರವದಲ್ಲಿ ಲಿಂಫೋಸೈಟ್ ಎಂಬ ಬಿಳಿ ಕಣಗಳು ಹೆಚ್ಚಿದ್ದು ಸಕ್ಕರೆ ಸಾಮಾನ್ಯವಾಗಿದ್ದರೆ ವೈರಸ್ಸಿನ ಕಡೆಗೆ ವಾಲುತ್ತೇವೆ. ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ಕಣಗಳು ತುಂಬಿ ಸಕ್ಕರೆ ಕುಸಿದಿದ್ದರೆ ಬ್ಯಾಕ್ಟೀರಿಯಾ. ನಿಮ್ಹಾನ್ಸ್‌ನಂತಹ ಕಡೆ ಆ ದ್ರವದಲ್ಲಿ ವೈರಸ್ಸಿನ ವಂಶವಾಹಿಯನ್ನು ಹುಡುಕುವ ಪಿಸಿಆರ್ ಪರೀಕ್ಷೆ ಆಗುತ್ತದೆ. ಆದರೆ ಹರ್ಪಿಸ್‌ನ ಔಷಧವಾದ ಅಸೈಕ್ಲೊವಿರ್ ಕೊಡಲು ಆ ವರದಿಗೆ ಕಾಯಬಾರದು. ಮೊದಲೇ ಆರಂಭಿಸಿ, ದೃಢಪಟ್ಟರೆ ಎರಡರಿಂದ ಮೂರು ವಾರ ರಕ್ತನಾಳದ ಮೂಲಕವೇ ಕೊಡಬೇಕು. ಮೂತ್ರಪಿಂಡದಲ್ಲಿ ಹರಳುಗಟ್ಟದಂತೆ ಸಾಕಷ್ಟು ದ್ರವವೂ ಬೇಕು.

ಮಕ್ಕಳ ವೈದ್ಯೆ · ಮಂಗಳವಾರ, ರಾತ್ರಿ 8.00

ಎಳೆಯ ಮಕ್ಕಳ ತಂದೆತಾಯಿಯರೂ ಇದನ್ನು ಓದುತ್ತಿರಬಹುದು. ಒಂದು ವರ್ಷದೊಳಗಿನ ಮಗು ಮೂಗು ಸೋರಿ, ನಂತರ ಸುಂಯ್‌ಗುಟ್ಟುತ್ತಾ ಉಸಿರಾಡಲು ಕಷ್ಟಪಟ್ಟರೆ, ಹೆಚ್ಚಿನ ವೇಳೆ ಕಾರಣ ಆರ್‌ಎಸ್‌ವಿ ಎಂಬ ವೈರಸ್. ಅದಕ್ಕೆ ಆಮ್ಲಜನಕ, ಹಾಲು ಅಥವಾ ದ್ರವ, ಮೂಗಿನ ಶುಚಿ ಇವೇ ಚಿಕಿತ್ಸೆ. ಆಂಟಿಬಯೋಟಿಕ್ ಕೊಡಲಿಲ್ಲವೆಂದು ವೈದ್ಯರ ಮೇಲೆ ಬೇಸರಿಸಬೇಡಿ.

ಔಷಧ ವಿಭಾಗದವಳು · ಬುಧವಾರ, ಬೆಳಗ್ಗೆ 10.10

ಕಲ್ಚರ್‌ನಲ್ಲಿ ಬೆಳೆದ ಬ್ಯಾಕ್ಟೀರಿಯಾ ಯಾವ ಔಷಧಕ್ಕೆ ಬಗ್ಗುತ್ತದೆಂದು ತಿಳಿಸುವ ಸೂಕ್ಷ್ಮತೆಯ ವರದಿ ಓದುವುದರ ಬಗ್ಗೆ ಹೇಳಬೇಕೆನಿಸಿತು, ಏಕೆಂದರೆ ಮನೆಯವರು ಅದನ್ನು ಹಿಡಿದುಕೊಂಡು ನನ್ನ ಬಳಿ ಬರುತ್ತಾರೆ. ಔಷಧಗಳ ಹೆಸರಿನ ಮುಂದೆ ಎಂಐಸಿ ಎಂದು ಒಂದು ಸಂಖ್ಯೆ ಇರುತ್ತದೆ, ಎಂದರೆ ಜೀವಿಯ ಬೆಳವಣಿಗೆ ತಡೆಯಲು ಬೇಕಾದ ಔಷಧದ ಕನಿಷ್ಠ ಪ್ರಮಾಣ. ಅತಿ ಚಿಕ್ಕ ಸಂಖ್ಯೆಯ ಔಷಧವೇ ಅತ್ಯುತ್ತಮವೆಂದು ಭಾವಿಸುವುದು ತಪ್ಪು. ಪ್ರತಿ ಔಷಧಕ್ಕೂ ಅದರದೇ ಗಡಿ ಬೇರೆ. ಒಂದರ 2ನ್ನು ಇನ್ನೊಂದರ 0.5ಕ್ಕೆ ಹೋಲಿಸುವುದು ಸೇರನ್ನು ಗಜಕ್ಕೆ ಹೋಲಿಸಿದಂತೆ. ಹಲವು ಔಷಧಗಳು ಕೆಲಸ ಮಾಡುವುದಾದರೆ ಅವುಗಳಲ್ಲಿ ಅತಿ ಕಿರಿದಾದ ವ್ಯಾಪ್ತಿಯದನ್ನು ಆರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆಂಟಿಬಯೋಟಿಕ್‌ಗಳನ್ನು ಮೂರು ಗುಂಪು ಮಾಡಿತು. ಅದರಲ್ಲಿ ಮೆರೊಪೆನೆಮ್ ಎಚ್ಚರದ ಗುಂಪಿನಲ್ಲಿದೆ, ಕೊಲಿಸ್ಟಿನ್ ಕಾದಿರಿಸಿದ ಗುಂಪಿನಲ್ಲಿದೆ. ಡಾಕ್ಸಿಸೈಕ್ಲಿನ್ ಮೊದಲ ಗುಂಪಿನದು. ಕೊಲಿಸ್ಟಿನ್ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ, ಅದರ ಆಚೆಗೆ ನಮ್ಮ ಕಪಾಟಿನಲ್ಲಿ ಹೆಚ್ಚೇನೂ ಇಲ್ಲ. ಅದನ್ನು ಊಹೆಯ ಮೇಲೆ ಬರೆದ ಚೀಟಿ ಬಂದಾಗ ನಾನು ವಾರ್ಡಿಗೆ ಫೋನ್ ಮಾಡಿ ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ, ಆದರೂ ಕೇಳುತ್ತೇನೆ.

ಬನಶಂಕರಿಯ ಮಗಳು · ಗುರುವಾರ, ರಾತ್ರಿ 9.15

ಎರಡು ದಿನ ಬರೆಯಲಾಗಲಿಲ್ಲ. ಮಂಗಳವಾರ ರೌಂಡ್ಸ್‌ಗೆ ಬಂದ ಹಿರಿಯ ವೈದ್ಯೆಗೆ ಮಾಗಡಿಯ ವಿಷಯ ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, ಪರದೆ ಎಳೆಸಿ, ತಾವೇ ನಿಂತು ಅಪ್ಪನನ್ನು ಪೂರ್ತಿ ಪರೀಕ್ಷಿಸಿದರು. ಎಡ ತೊಡೆಸಂದಿನಲ್ಲಿ ಕಡಲೆಬೀಜದಷ್ಟು ದೊಡ್ಡ ಕಪ್ಪು ಹಕ್ಕಳೆ ಇತ್ತು. ಅಪ್ಪ ಅದನ್ನು ಪಂಚೆಯ ಉಜ್ಜುಗಾಯವೆಂದುಕೊಂಡಿದ್ದರಂತೆ. ಅಂದೇ ಮಧ್ಯಾಹ್ನ ಡಾಕ್ಸಿಸೈಕ್ಲಿನ್ ಮತ್ತು ಅಜಿತ್ರೋಮೈಸಿನ್ ಎರಡನ್ನೂ ರಕ್ತನಾಳದ ಮೂಲಕ ಆರಂಭಿಸಿದರು. ಸ್ಕ್ರಬ್ ಟೈಫಸ್ ಐಜಿಎಂ ಪಾಸಿಟಿವ್ ಎಂದು ನಿನ್ನೆ ವರದಿ ಬಂತು. ಇಂದು ಬೆಳಗಿನಿಂದ ಜ್ವರವಿಲ್ಲ. ಸಂಜೆ ಎದ್ದು ಕುಳಿತು ಉಪ್ಪಿಟ್ಟು ಕೇಳಿದರು. ಮೆರೊಪೆನೆಮ್ ನಿಲ್ಲಿಸಿದ್ದಾರೆ. ಮೂತ್ರದ ಕೊಳವೆಯನ್ನೂ ತೆಗೆದರು.

ಎರಡು ಔಷಧ ಒಟ್ಟಿಗೆ ಏಕೆ ಎಂದು ಕೇಳಲು ಮರೆತೆ. ಇದು ನಮಗೂ ಅಂಟುತ್ತದೆಯೇ? ಊರಿನಲ್ಲಿ ಅಪ್ಪನ ಜೊತೆ ಕೊಯ್ಲಿನಲ್ಲಿದ್ದ ಚಿಕ್ಕಪ್ಪನಿಗೂ ನಿನ್ನೆಯಿಂದ ಮೈ ಬಿಸಿಯಿದೆಯಂತೆ.

ಮೆಡಿಸಿನ್ ವಾರ್ಡಿನ ವೈದ್ಯ · ಗುರುವಾರ, ರಾತ್ರಿ 9.50

ಬಹಳ ಸಂತೋಷವಾಯಿತು. ಒಬ್ಬರಿಂದ ಒಬ್ಬರಿಗೆ ಇದು ಹರಡುವುದಿಲ್ಲ, ನೀವು ಯಾರೂ ಮಾತ್ರೆ ತೆಗೆದುಕೊಳ್ಳಬೇಕಾಗಿಲ್ಲ. ತೀವ್ರ ಸ್ಕ್ರಬ್ ಟೈಫಸ್‌ನಲ್ಲಿ ಈ ಎರಡು ಔಷಧಗಳಲ್ಲಿ ಒಂದನ್ನೇ ಕೊಡುವುದಕ್ಕಿಂತ ಒಟ್ಟಿಗೆ ಕೊಡುವುದು ಮೇಲೆಂದು ಭಾರತದ ಹಲವು ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಿಮ್ಮ ತಂದೆಯವರ ಉಸಿರಾಟವೂ ತೊಂದರೆಗೊಳಗಾಗಿದ್ದರಿಂದ ಹಾಗೆ ಮಾಡಿರಬೇಕು.

ಚಿಕ್ಕಪ್ಪ ನಾಳೆಯೇ ಮಾಗಡಿಯ ಆಸ್ಪತ್ರೆಗೆ ಹೋಗಲಿ. ಅಣ್ಣನಿಗೆ ಏನೆಂದು ಗೊತ್ತಾಯಿತೆಂಬುದನ್ನು ಮೊದಲ ಮಾತಾಗಿ ಹೇಳಲಿ. ಅಂಗಡಿಯಿಂದ ತಂದ ಯಾವ ಆಂಟಿಬಯೋಟಿಕ್ಕನ್ನೂ ಅದಕ್ಕೆ ಮುಂಚೆ ನುಂಗುವುದು ಬೇಡ.

ಬನಶಂಕರಿಯ ಮಗಳು · ಶುಕ್ರವಾರ, ಮಧ್ಯಾಹ್ನ 12.30

ಚಿಕ್ಕಪ್ಪ ಬೆಳಗ್ಗೆ ಹೋಗಿ ಬಂದರು. ಕೈಯಲ್ಲಿ ಒಂದು ಸೆಫಿಕ್ಸಿಮ್ ಪಟ್ಟಿ ಇತ್ತಂತೆ, ತೆಗೆದುಕೊಂಡಿರಲಿಲ್ಲ. ಅಲ್ಲಿ ಮೊದಲು ರಕ್ತ ತೆಗೆದುಕೊಂಡು, ನಂತರ ಡಾಕ್ಸಿಸೈಕ್ಲಿನ್ ಕೊಟ್ಟು ಕಳಿಸಿದ್ದಾರೆ.